ಕೈಲಾಸದ ದಾರಿಗೆ ಮಣ್ಣಿನ ಕವಡೆ

ಕೇಳಿರಪ್ಪಾ, ಕೇಳಿರವ್ವಾ. ದೇವರ ಮುಂದೆ ದೀಪ ಇಟ್ಟಾಯಿತು, ಕೈ ಮುಗಿದಾಯಿತು. ಇನ್ನು ಕಾಲು ಮಡಚಿ ಕೂತುಕೊಳ್ಳಿ. ನಗುವ ಕಥೆ ಬೇಕು ಅಂತ ಕೇಳಬೇಡಿ. ಇವತ್ತಿನದು ಬೇವಿನ ಕಥೆ, ಬೆಲ್ಲ ಕಡಿಮೆ.

ಕೆಂಗೋಡು ಅಂತ ಒಂದು ರಾಜ್ಯ. ಅದಕ್ಕೊಬ್ಬ ದೊರೆ. ದೊರೆ ಕೆಟ್ಟವನಲ್ಲ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಸರಿ ಅನ್ನುವವನು. ಆ ರಾಜ್ಯದಲ್ಲಿ ಯುಗಾದಿ ಕಳೆದ ಮರುದಿನ ಗಾಳಿ ಏಳುತ್ತಿತ್ತು. ಅಂತಿಂಥ ಗಾಳಿಯಲ್ಲ, ಕೆಂಗಾಳಿ. ಕೆಂಪು ಧೂಳು ಹೊತ್ತು ನಲವತ್ತು ದಿನ ಬೀಸುತ್ತಿತ್ತು. ಕಣ್ಣು ಬಿಟ್ಟರೆ ಕಣ್ಣು ತುಂಬ ಮಣ್ಣು, ಬಾಯಿ ಬಿಟ್ಟರೆ ಬಾಯಿ ತುಂಬ ಮಣ್ಣು. ಬೆಳಗಿನ ಜಾವ ಒಂದು ಗಳಿಗೆ ಮಾತ್ರ ನಿಲ್ಲುತ್ತಿತ್ತು. ಅಷ್ಟರಲ್ಲಿ ಹೆಂಗಸರು ಬಾವಿಗೆ ಓಡಬೇಕು, ಗಂಡಸರು ದನಕ್ಕೆ ಮೇವು ಹಾಕಬೇಕು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು.

ನಲವತ್ತು ದಿನ ಒಳಗೆ ಕೂತು ಮನುಷ್ಯ ಏನು ಮಾಡಬೇಕು? ಆಟ ಆಡಬೇಕು. ಕೆಂಗೋಡಿನಲ್ಲಿ ಮನೆಗೊಂದು ಆಟದ ಪೆಟ್ಟಿಗೆ. ಒಳಗೆ ಒಂದು ಹಲಗೆ, ನಾಲ್ಕು ಕಾಯಿ, ನಾಲ್ಕು ಕವಡೆ. ವರ್ಷಕ್ಕೊಂದು ಹೊಸ ಆಟ. ಹಳೆಯದನ್ನು ಇಟ್ಟುಕೊಳ್ಳುವಂತಿಲ್ಲ. ಕಾಮನ ಹಬ್ಬದಲ್ಲಿ ಹಲಗೆಯನ್ನು ಬೆಂಕಿಗೆ ಹಾಕಿ, ಕವಡೆಯನ್ನು ಹೊಳೆಗೆ ಎಸೆದುಬಿಡುತ್ತಿದ್ದರು. ಆಡುವಾಗ ಆದ ಜಗಳವೆಲ್ಲ ಅದರ ಜೊತೆಗೇ ಹೋಗಲಿ ಅಂತ. ಆಮೇಲೆ ಹದಿನೈದು ದಿನಕ್ಕೆ ಯುಗಾದಿ. ಯುಗಾದಿಯ ದಿನ ಒಂದು ಚೀಲ ಜೋಳ ಕೊಟ್ಟು ಹೊಸ ಪೆಟ್ಟಿಗೆ ತರಬೇಕು.

ಆ ಪೆಟ್ಟಿಗೆಗಳನ್ನು ಮಾಡಿಸುತ್ತಿದ್ದವನು ಗುರುಪಾದಪ್ಪ ಸಾಹುಕಾರ. ಹಣೆಯ ಮೇಲೆ ಕೈಯಗಲ ವಿಭೂತಿ. ಮಾತಿಗೆ ಮೊದಲು ಒಂದು ದೇವರ ಹೆಸರು, ಮಾತು ಮುಗಿದ ಮೇಲೆ ಇನ್ನೊಂದು.

ಚೀಲ ಜೋಳ ಅಂದರೆ ಬಡವರಿಗೆ ಸಣ್ಣದಲ್ಲ ನೋಡಿ. ಅದಕ್ಕೇ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಕಾಮನ ಹಬ್ಬದ ಮಾರನೆಯ ದಿನವೇ ಸಾಹುಕಾರ ಹೊಸ ಪೆಟ್ಟಿಗೆಗಳಲ್ಲಿ ಮೂರನ್ನು ನೋಟಗಾರರ ಕಟ್ಟೆಗೆ ಕಳಿಸಬೇಕು. ನೋಟಗಾರರು ಮೂರು ಜನ. ಅವರು ಏಳು ದಿನ ಆಡಿ ನೋಡಬೇಕು. ಎಂಟನೆಯ ದಿನ ಬೇವಿನ ಮರದ ಕೆಳಗೆ ನಿಂತು ಮೂರು ಮಾತು ಹೇಳಬೇಕು. ಹಲಗೆ ಹೇಗಿದೆ, ಕಾಯಿ ಹೇಗಿದೆ, ಆಟ ಮನೆ ಮುಟ್ಟುತ್ತದೋ ಇಲ್ಲವೋ, ಅಂದರೆ ಕೊನೆ ಕಾಣುತ್ತದೋ ಇಲ್ಲವೋ. ಜನ ಕೇಳಿ, ತಲೆದೂಗಿ, ಬೇಕಾದರೆ ಜೋಳ ಅಳೆಯುತ್ತಿದ್ದರು. ಬೇಡವಾದರೆ ಬಿಡುತ್ತಿದ್ದರು.

ಒಬ್ಬ ನೋಟಗಾರ ಸಿರಿಯಣ್ಣ. ಮಾತು ಜೇನು. ಇನ್ನೊಬ್ಬ ಕೆಂಚಯ್ಯ. ಒಳ್ಳೆಯವನು, ಆದರೆ ತನ್ನ ನೆರಳು ಕಂಡರೂ ದಾರಿ ಬಿಡುವವನು. ಮೂರನೆಯವಳು ಮಾಳವ್ವ. ಅವಳ ಮಾತು ಸೌದೆ ಒಡೆದಂತೆ.

ಮಾಳವ್ವನಿಗೊಬ್ಬ ಅಣ್ಣ, ಈರಣ್ಣ. ಬಾವಿ ತೋಡುವ ಕೆಲಸದವನು. ಒಂದು ಸಲ ಹಗ್ಗ ಹರಿದು ಬಾವಿಗೆ ಬಿದ್ದ, ಸೊಂಟ ಮುರಿಯಿತು. ಹನ್ನೆರಡು ವರ್ಷದಿಂದ ಹೊರಸು ಅಂದರೆ ಹಗ್ಗದ ಮಂಚದ ಮೇಲೆ. ಊರಿಗೆ ಗೊತ್ತಿಲ್ಲದ ಮಾತೊಂದು ಹೇಳುತ್ತೇನೆ ಕೇಳಿ: ಮಾಳವ್ವನ ಹೆಸರಿನಲ್ಲಿ ಬಂದ ಪೆಟ್ಟಿಗೆಯನ್ನು ನಿಜವಾಗಿ ಆಡಿ ನೋಡುತ್ತಿದ್ದವನು ಈರಣ್ಣ. ಏಳು ದಿನ ಊಟ ನಿದ್ದೆ ಮರೆತು ಆಡುತ್ತಿದ್ದ. ಹಲಗೆಯನ್ನು ಮೂಸುತ್ತಿದ್ದ, ಕಾಯಿಯನ್ನು ಹಲ್ಲಿನಿಂದ ಕಚ್ಚುತ್ತಿದ್ದ, ಕವಡೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ.

"ಏ ಮಾಳೀ, ಬಾರೇ ಇಲ್ಲಿ. ಈ ಕಾಯಿ ಮರದ್ದಲ್ಲ ಕಣೇ, ಅರಗು. ಮೇಲೆ ಬಣ್ಣ ಬಳಿದಾನೆ ಕಳ್ಳ. ಸೆಕೆಗೆ ಕರಗಿ ಹಲಗೆಗೆ ಅಂಟಿಕೊಂಡು ಕೂರ್ತದೆ."

"ನಿನ್ನ ಹಲ್ಲಿಗೆ ಅಂಟಿಕೊಂಡಿದ್ರೆ ಒಳ್ಳೇದಿತ್ತು. ಒಂದು ದಿನ ಬಾಯಿ ಮುಚ್ಚಿರ್ತಿದ್ದೆ."

"ಬಾಯಿ ಮುಚ್ಚಿದ್ರೆ ನೀನು ಕಟ್ಟೆ ಮೇಲೆ ಏನು ಹೇಳ್ತೀಯೆ, ನಿನ್ನ ತಲೆ?"

ಹೀಗೆ ಅಣ್ಣ ನೋಡುವನು, ತಂಗಿ ಹೇಳುವಳು. ಮಲಗಿದಲ್ಲೇ ಇರುವ ಮನುಷ್ಯನಿಗೆ ವರ್ಷದಲ್ಲಿ ಆ ಏಳು ದಿನವೇ ದುಡಿಮೆ, ಅದೇ ಮರ್ಯಾದೆ.

ಅರಗಿನ ಕಾಯಿಯ ಮಾತನ್ನು ಮಾಳವ್ವ ಕಟ್ಟೆಯ ಮೇಲೆ ಹೇಳಿಯೇಬಿಟ್ಟಳು. ಆ ವರ್ಷ ಅರ್ಧ ಊರು ಪೆಟ್ಟಿಗೆ ತರಲಿಲ್ಲ. ಸಾಹುಕಾರ ಜೋಳ ತುಂಬಿಡುವ ಹಗೇವು ಅರ್ಧ ಖಾಲಿ ಉಳಿಯಿತು. ಅವನು ಸಿಟ್ಟು ಮಾಡಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿದ.

ಮುಂದಿನ ವರ್ಷ ಅವನೇ ಪೆಟ್ಟಿಗೆ ಹೊರಿಸಿಕೊಂಡು ಕಟ್ಟೆಗೆ ಬಂದ. ಜೊತೆಗೆ ಉರಿಯುವ ದೀಪ.

"ಶಿವ ಶಿವಾ. ನೋಟಗಾರರೇ, ಪೆಟ್ಟಿಗೆ ಕೊಡ್ತೀನಿ. ನನ್ನದೊಂದೇ ಕೋರಿಕೆ. ಯುಗಾದಿ ಸಂಜೆ ದೀಪ ಹಚ್ಚೋ ತನಕ ಆಟದ ಮಾತು ಯಾರಿಗೂ ಹೇಳಬಾರದು. ಜನ ತಾವೇ ಪೆಟ್ಟಿಗೆ ತೆರೆದು ಸಂತೋಷಪಡ್ಲಿ ಅಂತ. ಈ ದೀಪದ ಮೇಲೆ ಕೈ ಇಟ್ಟು ಹೇಳಿ. ಮನಸ್ಸಿಲ್ಲದವರು ಪೆಟ್ಟಿಗೆ ಬಿಟ್ಟು ಹೋಗಿ, ಬೇಜಾರಿಲ್ಲ. ಮಹಾದೇವಾ."

ಸಿರಿಯಣ್ಣ ಕೈ ಇಟ್ಟ. ಕೆಂಚಯ್ಯ ಕೈ ಇಟ್ಟ. ಮಾಳವ್ವ ನಿಂತಳು. ಮನೆಯಲ್ಲಿ ಈರಣ್ಣ ಎರಡು ದಿನದಿಂದ ಬಾಗಿಲನ್ನೇ ನೋಡುತ್ತ ಮಲಗಿದ್ದ. ಬರಿಗೈಯಲ್ಲಿ ಹೇಗೆ ಹೋಗುವುದು? ಅವಳೂ ಕೈ ಇಟ್ಟಳು.

ಆ ವರ್ಷ ಹಲಗೆಯ ಬಣ್ಣ ಬೆವರು ಕೈಗೆ ಕಿತ್ತು ಬರುತ್ತಿತ್ತು. ಈರಣ್ಣ ಎರಡನೆಯ ದಿನವೇ ಹೇಳಿದ. ಮಾಳವ್ವ ತುಟಿ ಕಚ್ಚಿಕೊಂಡು ಕೂತಳು. ಯುಗಾದಿಯ ದಿನ ಜನ ಸಾಲು ನಿಂತು ಜೋಳ ಅಳೆದರು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಬೇವಿನ ಮರದ ಕೆಳಗೆ ನಿಂತು ಹೇಳಿದಳು. ಕೇಳುವುದಕ್ಕೆ ನಾಲ್ಕು ಜನ ಇದ್ದರು.

ಅದರಲ್ಲೊಬ್ಬಳು ಪಿಂಜಾರ ಓಣಿಯ ಹುಸೇನವ್ವ. ಸೊಂಟದ ಮೇಲೆ ಕೈ ಇಟ್ಟು ಕೇಳಿದಳು. "ಇಷ್ಟು ದಿನದಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನನ್ನ ಜೋಳ ಅಳೆಯೋವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೇ ತಾಯಿ!"

ಆ ಮಾತು ಮಾಳವ್ವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಇನ್ನು ಸತ್ತರೂ ದೀಪ ಮುಟ್ಟಿ ಬಾಯಿ ಕಟ್ಟಿಕೊಳ್ಳುವುದಿಲ್ಲ ಅಂತ ಅಂದುಕೊಂಡಳು.

ಸಾಹುಕಾರನ ಉಪಾಯದ ಎರಡನೆಯ ವರ್ಷ. ಕಟ್ಟೆಗೆ ಪೆಟ್ಟಿಗೆ ಬರಲಿಲ್ಲ. ಸಿರಿಯಣ್ಣನೊಬ್ಬನ ಮನೆಗೆ ಹೋಯಿತು. ಪೆಟ್ಟಿಗೆಯ ಮೇಲೊಂದು ರೇಷ್ಮೆ ಶಾಲು ಹೊದಿಸಿತ್ತು. ಎಂಟನೆಯ ದಿನ ಸಿರಿಯಣ್ಣ ಶಾಲು ಹೊದ್ದುಕೊಂಡೇ ಬೇವಿನ ಮರದ ಕೆಳಗೆ ಬಂದ.

"ಹಲಗೆ ಚಿನ್ನ! ಕಾಯಿ ಮುತ್ತು! ಆಟ ಅಂದ್ರೆ ಅಮೃತ!"

ಮಾಳವ್ವ ಕೆಳಗಿನಿಂದ ಕೂಗಿದಳು. "ಸಿರಿಯಣ್ಣಾ, ಆಟ ಮನೆ ಮುಟ್ಟುತ್ತದೋ ಇಲ್ಲವೋ? ಅದನ್ನ ಹೇಳು."

"ನಾನಿನ್ನೂ ಅಲ್ಲೀ ತನಕ ಹೋಗಿಲ್ಲಮ್ಮಾ. ಆದರೆ ಹೋಗೋ ದಾರಿ ಬಹಳ ಚೆನ್ನಾಗಿದೆ."

"ಸೆಕೆಗಾಲದಲ್ಲಿ ಶಾಲು ಹೊದ್ದಿದ್ದೀಯಲ್ಲ, ಚಳಿ ಜ್ವರವಾ?"

ಜನ ನಕ್ಕರು. ನಕ್ಕು, ಹೋಗಿ ಜೋಳ ಅಳೆದರು. ಅದೇ ನೋಡಿ ಮನುಷ್ಯರ ಸ್ವಭಾವ. ಆ ಹಲಗೆ ಹಸಿ ಮರದ್ದು, ಹತ್ತನೆಯ ದಿನಕ್ಕೆ ಸೀಳು ಬಿಟ್ಟಿತು. ಆದರೂ ಸೀಳಿನ ಮೇಲೆ ಬಟ್ಟೆ ಅಂಟಿಸಿ ಹೇಗೋ ಆಡಿ ಮುಗಿಸಿದರು. ಈರಣ್ಣನೂ ಯುಗಾದಿಯ ದಿನ ಎಲ್ಲರ ಹಾಗೆ ಜೋಳ ಕೊಟ್ಟು ತರಿಸಿದ ಪೆಟ್ಟಿಗೆಯಲ್ಲೇ ಆಡಿದ. ಅವನು ಹಲಗೆಯನ್ನು ಮೂಸಲಿಲ್ಲ, ಕಾಯಿಯನ್ನು ಕಚ್ಚಲಿಲ್ಲ. "ಇನ್ನು ನೋಡಿ ಯಾರಿಗೆ ಹೇಳಬೇಕೇ ಮಾಳೀ" ಅಂದ. ಆ ವರ್ಷವೇ ಅವನು ಇಳಿದುಹೋದ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಜಪ ಹೆಚ್ಚಾಯಿತು.

ಮೂರನೆಯ ವರ್ಷ. ಸಿರಿಯಣ್ಣನಿಗೂ ಪೆಟ್ಟಿಗೆ ಇಲ್ಲ, ಯಾರಿಗೂ ಇಲ್ಲ. ಮಾಳವ್ವ ಕೇಳಲು ಹೋದರೆ ಸಾಹುಕಾರ ಎರಡೂ ಕೈ ಜೋಡಿಸಿದ.

"ಶಿವ ಶಿವಾ. ಮಾಳವ್ವಾ, ಈ ಸಲದ ಆಟದ ಹೆಸರು ಕೈಲಾಸದ ದಾರಿ. ಇದು ಗಾಳೆಮ್ಮ ತಾಯಿಗೆ ಎಡೆ. ತಾಯಿಗೆ ತೋರಿಸೋ ಮುಂಚೆ ಮನುಷ್ಯರು ಆಡಿದ್ರೆ ಎಂಜಲಾಗಲ್ವಾ? ಪಾಯಸ ಮಾಡಿದವರು ಎಡೆ ಇಡೋ ಮೊದಲು ರುಚಿ ನೋಡ್ತಾರಾ? ನೀವೇ ಹೇಳಿ. ಯುಗಾದಿ ದಿನ ತಾಯಿ ಮುಂದೆ ಇಟ್ಟು, ಕುಂಕುಮ ಹಚ್ಚಿಸಿ, ಪ್ರಸಾದ ಅಂತ ಎಲ್ಲರಿಗೂ ಕೊಡ್ತೀನಿ. ಮಹಾದೇವಾ."

ಗಾಳೆಮ್ಮ ಕೆಂಗೋಡಿನ ಗಾಳಿದೇವತೆ. ಅವಳ ಹೆಸರು ಬಂದ ಮೇಲೆ ಯಾರು ಮಾತಾಡುತ್ತಾರೆ? ಮಾಳವ್ವ ದೊರೆಯ ಹತ್ತಿರ ಹೋದಳು. ಅವಳು ಬಂದ ಮೇಲೆ ಸಾಹುಕಾರ ಹೋದ. ದೊರೆ ಸಾಹುಕಾರನ ಮಾತೇ ಸರಿ ಅಂದ. ಊರಿನವರು ಮಾಳವ್ವನನ್ನೇ ಬೈದರು. "ದೇವರ ಎಡೆಗೆ ಕೊಂಕು ತೆಗೀಬೇಡ ಮಾರಾಯ್ತಿ, ಹಬ್ಬದ ಹೊತ್ತು." ಕೆಂಚಯ್ಯ ಅವಳನ್ನು ಬದಿಗೆ ಕರೆದು ಹೇಳಿದ. "ಸುಮ್ಮನಿರು ಮಾಳವ್ವಾ. ನಾವು ಸುಮ್ಮನಿದ್ರೆ ಮುಂದಿನ ವರ್ಷವಾದ್ರೂ ಕೊಟ್ಟಾನು."

ಯುಗಾದಿ ಬಂತು. ಪೆಟ್ಟಿಗೆಗಳಿಗೆ ಕುಂಕುಮ ಹಚ್ಚಿದರು. ಜನ ಕಣ್ಣಿಗೊತ್ತಿಕೊಂಡು ಒಯ್ದರು. ಮರುದಿನ ಕೆಂಗಾಳಿ ಎದ್ದಿತು. ಬಾಗಿಲುಗಳು ಮುಚ್ಚಿಕೊಂಡವು.

ಆಟ ಹೀಗಿತ್ತು. ಹಲಗೆಯ ಅಂಚಿನಿಂದ ದಾರಿ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ನಡುವೆ ಕೈಲಾಸ, ಅದಕ್ಕೊಂದು ಬಾಗಿಲು. ಬಾಗಿಲ ಮುಂದೆ ಬಂದ ಮೇಲೆ ನಾಲ್ಕು ಕವಡೆಯೂ ಒಟ್ಟಿಗೆ ಬಾಯಿ ಮೇಲಾಗಿ ಬೀಳಬೇಕು. ಬಿದ್ದರೆ ಬಾಗಿಲು ತೆರೆಯಿತು, ಆಟ ಮುಗಿಯಿತು. ಆ ವರ್ಷ ಕಡಲಿನಿಂದ ಕವಡೆ ಸರಿಯಾಗಿ ಬಂದಿರಲಿಲ್ಲ. ಸಾಹುಕಾರ ಮಣ್ಣಿನಲ್ಲಿ ಮಾಡಿಸಿ, ಸುಟ್ಟು, ಬಿಳಿ ಬಣ್ಣ ಬಳಿಸಿದ್ದ. ನಾಲ್ಕು ಕವಡೆಗೆ ನಾಲ್ಕು ಅಚ್ಚು. ಅದರಲ್ಲಿ ಒಂದು ಅಚ್ಚು ಕೆಟ್ಟಿತ್ತು. ಆ ಅಚ್ಚಿನ ಕವಡೆಗೆ ಬಾಯಿಯ ಕಡೆ ಭಾರ ಹೆಚ್ಚು. ಹೇಗೆ ಎಸೆದರೂ ಅದು ಬಾಯಿ ಕೆಳಗೆ ಮಾಡಿಯೇ ಬೀಳುತ್ತಿತ್ತು. ಮನೆಮನೆಯ ಪೆಟ್ಟಿಗೆಯಲ್ಲೂ ಅಂಥದ್ದೊಂದು.

ಇದು ಆಡುವವರಿಗೆ ಗೊತ್ತಿಲ್ಲ. ಜನ ಬಾಗಿಲ ತನಕ ಬಂದರು, ಎಸೆದರು. ಎಷ್ಟು ಚೆನ್ನಾಗಿ ಬಿದ್ದರೂ ಮೂರು ಬಾಯಿ ಮೇಲೆ, ಒಂದು ಕೆಳಗೆ. ಮತ್ತೆ ಎಸೆದರು. ಮೂರು ಮೇಲೆ, ಒಂದು ಕೆಳಗೆ. ಸಾದಾ ಆಟವಾಗಿದ್ದರೆ ಕವಡೆಯನ್ನು ಬೈಯುತ್ತಿದ್ದರು. ಇದು ಗಾಳೆಮ್ಮನ ಪ್ರಸಾದ, ಕೈಲಾಸದ ಬಾಗಿಲು. ಅದಕ್ಕೇ ತಮ್ಮನ್ನೇ ಬೈದುಕೊಂಡರು. ನಮ್ಮ ಪುಣ್ಯ ಸಾಲದು ಅಂದರು. ಯಾವ ಪಾಪ ಅಡ್ಡ ಬಂತು ಅಂತ ಗಂಡ ಹೆಂಡತಿಯನ್ನು ನೋಡಿದ, ಅತ್ತೆ ಸೊಸೆಯನ್ನು ನೋಡಿದಳು.

ಬೆಳಗಿನ ಜಾವ ಬಾವಿಯ ಹತ್ತಿರ ಹೆಂಗಸರು ಸೇರುತ್ತಿದ್ದರು.

"ನಿಮ್ಮನೇಲಿ ಬಾಗಿಲು ತೆರೀತೇನೇ ಹುಸೇನವ್ವಾ?"

"ಹೂಂ, ತೆರೀತು. ಮೂರನೇ ದಿನಕ್ಕೇ. ನಿಮ್ಮಲ್ಲಿ?"

"ನಮ್ಮಲ್ಲಿ ಎರಡನೇ ದಿನ."

ಎಲ್ಲರೂ ಸುಳ್ಳು. ನಮ್ಮದು ಪಾಪದ ಮನೆ ಅಂತ ಯಾರು ಬಾಯಿಬಿಟ್ಟು ಹೇಳುತ್ತಾರೆ? ಹೀಗೆ ಇಡೀ ಊರು, ಪಕ್ಕದ ಮನೆಗೆಲ್ಲ ಕೈಲಾಸ ಸಿಕ್ಕಿದೆ, ನಮಗೊಬ್ಬರಿಗೇ ಇಲ್ಲ ಅಂದುಕೊಂಡು ನಲವತ್ತು ದಿನ ಬೆಂದಿತು.

ಮಾಳವ್ವ ಆ ಸುಳ್ಳು ಕೇಳಿಕೊಂಡು ಮನೆಗೆ ಬರುತ್ತಿದ್ದಳು. ಈರಣ್ಣ ಹೊರಸಿನ ಮೇಲೆ ಕವಡೆ ಎಸೆಯುತ್ತ ಇರುತ್ತಿದ್ದ.

"ಹುಸೇನವ್ವನ ಮನೇಲಿ?"

"ತೆರೀತಂತೆ."

"ಕೆಂಚಯ್ಯಂಗೆ?"

"ತೆರೀತಂತೆ ಅಣ್ಣಾ. ನೀನೊಮ್ಮೆ ಆ ಕವಡೇನ ಕಿವಿ ಹತ್ರ ಹಿಡಿದು ನೋಡು. ಮುಂಚೆ ಹೆಂಗೆ ನೋಡ್ತಿದ್ದೆ, ಹಂಗೆ."

"ತಪ್ಪು ಕಣೇ. ತಾಯಿ ಪ್ರಸಾದವನ್ನ ಪರೀಕ್ಷೆ ಮಾಡಬಾರದು. ಇಷ್ಟು ವರ್ಷ ಎಲ್ಲದರಲ್ಲೂ ಹುಳುಕು ಹುಡುಕಿದ್ನಲ್ಲ, ಅದಕ್ಕೇ ನನಗೆ ತೆರೀತಿಲ್ಲವೇನೋ."

"ಅಣ್ಣಾ!"

"ಬಿಡು. ಎಸೀತೀನಿ. ಒಂದಲ್ಲ ಒಂದು ದಿನ ತೆರೀತಾಳೆ ತಾಯಿ."

ಹತ್ತು ದಿನ ಎಸೆದ. ಇಪ್ಪತ್ತು ದಿನ ಎಸೆದ. ಮೂವತ್ತು ದಿನ ಎಸೆದ. ಬೆರಳಿನ ತುದಿ ಒಡೆಯಿತು. ಮೂವತ್ತೊಂದನೆಯ ದಿನ ಮಧ್ಯಾಹ್ನ ಕವಡೆ ಅವನ ಕೈಯಿಂದ ಜಾರಿ ನೆಲಕ್ಕೆ ಬಿದ್ದವು. ಮೂರು ಮೇಲೆ, ಒಂದು ಕೆಳಗೆ. ಅವನು ಬಗ್ಗಿ ನೋಡಿದ.

"ನನಗೆ ಬಾಗಿಲು ತೆಗೀಲಿಲ್ಲ ಮಾಳೀ" ಅಂದ. ಅಷ್ಟೇ. ಅಲ್ಲಿಗೆ ಉಸಿರು ನಿಂತಿತು.

ಹೊರಗೆ ಗಾಳಿ. ಹೆಣವನ್ನು ಮರುದಿನ ಬೆಳಗಿನ ಜಾವದ ತನಕ ಮನೆಯಲ್ಲೇ ಇಟ್ಟುಕೊಂಡಳು. ಗಾಳಿ ನಿಂತ ಆ ಒಂದು ಗಳಿಗೆಯಲ್ಲಿ ನಾಲ್ಕು ಜನ ಓಡೋಡಿ ಹೊತ್ತು, ಓಡೋಡಿ ಮಣ್ಣು ಮಾಡಿ, ಓಡೋಡಿ ಮನೆ ಸೇರಿದರು. ನಾಲ್ವರಲ್ಲಿ ಕೆಂಚಯ್ಯನೂ ಒಬ್ಬ. ಅಳುವುದಕ್ಕೂ ಗಾಳಿ ಹೊತ್ತು ಕೊಡಲಿಲ್ಲ.

ಮನೆಗೆ ಬಂದು ಮಾಳವ್ವ ನಾಲ್ಕು ಕವಡೆಯನ್ನೂ ಕೈಗೆ ತೆಗೆದುಕೊಂಡಳು. ಒಂದೊಂದನ್ನೇ ನೂರು ಸಲ ಎಸೆದಳು. ಮೂರು ಕವಡೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಬಿದ್ದವು. ನಾಲ್ಕನೆಯದು ನೂರಕ್ಕೆ ನೂರು ಸಲ ಬಾಯಿ ಕೆಳಗೆ. ಅದನ್ನು ಒರಳುಕಲ್ಲಿನ ಮೇಲಿಟ್ಟು ಗುಂಡಿನಿಂದ ಕುಟ್ಟಿದಳು. ಒಳಗೆ ಬಾಯಿಯ ಕಡೆ ಗಟ್ಟಿ ಮಣ್ಣಿನ ಉಂಡೆ, ಬೆನ್ನಿನ ಕಡೆ ಪೊಳ್ಳು.

ಮರುದಿನ ಬಾವಿಯ ಹತ್ತಿರ ಅವಳೇ ಮೊದಲು ಹೇಳಿದಳು. "ನಮ್ಮನೇಲಿ ಬಾಗಿಲು ತೆರೀಲಿಲ್ಲ. ನಮ್ಮಣ್ಣ ಹಂಗೇ ಸತ್ತ."

ಹುಸೇನವ್ವ ಕೊಡ ಕೆಳಗಿಟ್ಟಳು. "ನಮ್ಮಲ್ಲೂ ಇಲ್ಲ ಕಣೇ" ಅಂದಳು. ಅವಳ ಹಿಂದೆ ಒಬ್ಬಳು. ಅವಳ ಹಿಂದೆ ಇನ್ನೊಬ್ಬಳು.

ಗಾಳಿ ನಿಂತ ಮೇಲೆ ಮಾಳವ್ವ ಒಡೆದ ಕವಡೆ ಹಿಡಿದು ಸಾಹುಕಾರನ ಮನೆಗೆ ಹೋದಳು. ಅವನು ಕವಡೆಯ ಕಡೆ ನೋಡಲೇ ಇಲ್ಲ.

"ಶಿವ ಶಿವಾ. ಬಾಗಿಲು ತೆರೆಯೋದು ಕವಡೆ ಅಲ್ಲ ಮಾಳವ್ವಾ, ಪುಣ್ಯ. ನಿಮ್ಮಣ್ಣನ ಪುಣ್ಯ ಎಷ್ಟಿತ್ತೋ ನನಗೇನು ಗೊತ್ತು? ನಾಗರಪಂಚಮಿಗೆ ಪುಣ್ಯದ ಕವಡೆ ಅಂತ ಬೇರೆ ತರಿಸ್ತಿದ್ದೀನಿ, ನಿಜವಾದ ಕಡಲ ಕವಡೆ. ಅರ್ಧ ಚೀಲ ಜೋಳ. ಬೇಕಾದವರು ಒಯ್ಯಲಿ. ಮಹಾದೇವಾ."

ಜನ ಒಯ್ದರು ಕೂಡ. ಒಂದು ಸಲವಾದರೂ ಬಾಗಿಲು ತೆರೆಯುವುದನ್ನು ನೋಡಬೇಕಿತ್ತಲ್ಲ ಪಾಪ ಅವರಿಗೆ. ತೆರೆದ ಮೇಲೆ ಸಾಹುಕಾರ ಒಳ್ಳೆಯವನಾದ. ಮಾಳವ್ವ ಕೆಟ್ಟ ಬಾಯಿಯವಳಾದಳು. ಈರಣ್ಣ ಪಾಪಿಯಾಗಿಯೇ ಉಳಿದ. "ಬಾವಿಗೆ ಸುಮ್ಮನೆ ಬಿದ್ದನೇ ಅವನು? ಹಿಂದಿನದೇನೋ ಇತ್ತು" ಅಂತ ಜಗಲಿಯಲ್ಲಿ ಆಡಿಕೊಂಡರು. ಮಾಳವ್ವನಿಗೆ ಜೋಳ ಬೇಕಿರಲಿಲ್ಲ, ಪೆಟ್ಟಿಗೆ ಬೇಕಿರಲಿಲ್ಲ. ಅಣ್ಣನ ಮೇಲಿನ ಆ ಒಂದು ಮಾತು ತೊಳೆದು ಹೋಗಬೇಕಿತ್ತು.

ಮುಂದಿನ ವರ್ಷ ಕಾಮನ ಹಬ್ಬ ಕಳೆಯಿತು. ಮಾಳವ್ವ ಅಣ್ಣನ ಹೆಸರಿನಲ್ಲಿ ಪಾಯಸ ಮಾಡಿ ಗಾಳೆಮ್ಮನ ಗುಡಿಗೆ ಒಯ್ದಳು. ಪೂಜಾರಿ ಎಡೆ ತೋರಿಸಿ, ಅದೇ ಎಲೆಯನ್ನು ಅವಳ ಮುಂದಿಟ್ಟ.

"ಕೂತ್ಕೊಳವ್ವಾ. ಎಡೆ ತಂದವರದೇ ಮೊದಲ ಪ್ರಸಾದ. ಪೂರ್ತಿ ಮುಗಿಸಿ ಏಳಬೇಕು. ಅಲ್ಲೀ ತನಕ ಬೇರೆ ಅನ್ನ ನೀರು ಮುಟ್ಟೋ ಹಾಗಿಲ್ಲ, ಬೇರೆಯವರು ಕೈ ಒಡ್ಡೋ ಹಾಗಿಲ್ಲ. ಗೊತ್ತಲ್ಲ ತಾಯಿ ಪದ್ಧತಿ?"

ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಅವತ್ತು ಮೊದಲ ತುತ್ತು ಬಾಯಿಗಿಡುವಾಗ ಸಾಹುಕಾರನ ಎಡೆಯ ಮಾತು ನೆನಪಾಯಿತು. ಆಮೇಲೆ ನಿಧಾನವಾಗಿ, ಒಂದು ಅಗುಳೂ ಬಿಡದೆ ಉಂಡು, ಎದ್ದು, ನೇರ ಅರಮನೆಗೆ ಹೋದಳು.

"ದೊರೆಯೇ, ಈ ಸಲವೂ ಪೆಟ್ಟಿಗೆ ತಾಯಿಗೆ ಎಡೆಯಂತೆ. ಸಂತೋಷ. ನನ್ನದೇನೂ ತಕರಾರಿಲ್ಲ. ಎಡೆ ಅಂದ ಮೇಲೆ ಪದ್ಧತಿ ಪೂರ್ತಿ ನಡೀಲಿ. ಮೊದಲ ಪ್ರಸಾದ ಸಾಹುಕಾರರದ್ದು. ಅವರು ತಾಯಿ ಮುಂದೆ ಕೂತು ಒಂದು ಆಟ ಮನೆ ಮುಟ್ಟಿಸಿ ಏಳಲಿ. ಆಮೇಲೆ ನಾವು ಜೋಳ ಅಳೀತೀವಿ."

ದೊರೆಗೆ ಅದು ಸರಿ ಕಂಡಿತು. ಸಾಹುಕಾರ ಬಂದು ಮಾತು ಬದಲಿಸುವ ಮೊದಲೇ ಮಾಳವ್ವ ಅಲ್ಲೇ ನಿಂತು ಡಂಗುರ ಸಾರಿಸಿಬಿಟ್ಟಳು. ಕೊನೆಯ ಮಾತು ಈ ಸಲ ಅವಳದಾಯಿತು.

ಸಾಹುಕಾರ ಹೆದರಲಿಲ್ಲ. ಅವನಿಗೆ ಈ ಸಲದ ಆಟದಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ. ಮಾಡಿಸಿದವನೇ ಹೊರತು ಎಂದೂ ಆಡಿದವನಲ್ಲ. ಯುಗಾದಿಯ ಬೆಳಿಗ್ಗೆ ಮಡಿ ಉಟ್ಟು, ಗುಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಎದುರಿಗೆ ದೊರೆ, ಅಂಗಳದ ತುಂಬ ಪೆಟ್ಟಿಗೆ, ಅದರ ಸುತ್ತ ಜೋಳದ ಚೀಲ ಹೊತ್ತ ಜನ. ಆ ವರ್ಷದ ಆಟ ಏಳು ಸುತ್ತಿನ ಕೋಟೆ. ಕವಡೆ ಕಡಲಿನವೇ, ಚೆನ್ನಾಗಿದ್ದವು. ಒಂದು ಸುತ್ತು ದಾಟಿದ, ಎರಡು ದಾಟಿದ, ಆರು ದಾಟಿದ. ಜನ ಸೈ ಅಂದರು. ಏಳನೆಯ ಸುತ್ತಿನಲ್ಲಿ ಕಾಯಿ ನಿಂತಿತು.

"ಯಾಕೆ ನಿಲ್ಲಿಸಿದ್ರಿ ಸಾಹುಕಾರ್ರೇ?" ಹುಸೇನವ್ವ ಕೂಗಿದಳು.

ಮುಂದೆ ದಾರಿ ಇರಲಿಲ್ಲ. ಅವಸರದಲ್ಲಿ ಚಿತ್ರಗಾರ ಕೋಟೆಯ ಬಾಗಿಲು ಬರೆಯುವುದನ್ನೇ ಮರೆತಿದ್ದ. ದಾರಿ ಹೋಗಿ ಗೋಡೆಗೆ ಮುಟ್ಟಿತ್ತು. ಸಾಹುಕಾರ ಬೆವರು ಒರೆಸಿಕೊಂಡ.

"ಶಿವ ಶಿವಾ, ಸಣ್ಣ ತಪ್ಪು. ಒಂದು ಕುಂಚ ಕೊಡಿ, ಬಾಗಿಲು ಬರೆದುಬಿಡ್ತೀನಿ."

ಮಾಳವ್ವ ಕಂಬದ ಪಕ್ಕದಲ್ಲಿ ನಿಂತಿದ್ದಳು. "ತಾಯಿ ಪ್ರಸಾದಕ್ಕೆ ಮನುಷ್ಯರು ಕೈ ಹಾಕಬಹುದಾ ಸಾಹುಕಾರ್ರೇ? ಪಾಯಸ ಬಾಯಿಗಿಟ್ಟ ಮೇಲೆ ಬೆಲ್ಲ ಬೆರೆಸ್ತಾರಾ? ನೀವೇ ಹೇಳಿ."

ಪೂಜಾರಿ ತಲೆಯಾಡಿಸಿದ. ಬೆರೆಸುವಂತಿಲ್ಲ. ಮನೆ ಮುಟ್ಟಿಸದೆ ಏಳುವಂತಿಲ್ಲ. ನೀರು ಮುಟ್ಟುವಂತಿಲ್ಲ.

ಮಧ್ಯಾಹ್ನವಾಯಿತು. ಸಾಹುಕಾರನ ನಾಲಿಗೆ ಒಣಗಿತು. ಸಂಜೆಯಾಯಿತು. ಕಾಯಿ ಗೋಡೆಯ ಮುಂದೆಯೇ ಇತ್ತು. ಜನ ಚೀಲ ಇಳಿಸಿ, ಚೀಲದ ಮೇಲೇ ಕೂತರು. ಬೆಳಿಗ್ಗೆ ಗಾಳಿ ಏಳುತ್ತದೆ, ಮನೆಯಲ್ಲಿ ಆಟವಿಲ್ಲ. ಒಬ್ಬರ ಮುಖವೂ ಚೆನ್ನಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸಾಹುಕಾರ ದೊರೆಯ ಕಾಲಿನ ಕಡೆ ತೆವಳಿದ.

"ತಪ್ಪಾಯ್ತು ದೊರೆಯೇ! ನೋಡದೆ ತಂದೆ. ಬೇರೆಯವರೂ ನೋಡಬಾರದು ಅಂತಲೇ ಎಡೆ ಅಂದೆ. ಪೆಟ್ಟಿಗೆ ಎಲ್ಲ ಬೆಂಕಿಗೆ ಹಾಕ್ತೀನಿ. ಏಳೋಕೆ ಬಿಡಿ."

ದೊರೆ ಮಾಳವ್ವನ ಕಡೆ ನೋಡಿದ. "ನಿನ್ನ ಮಾತೇನವ್ವಾ?"

"ಏಳಲಿ ದೊರೆಯೇ. ಮನೆ ಮುಟ್ಟದ ಆಟಕ್ಕೆ ಬದಲಾಗಿ ಇನ್ನೊಂದು ಆಟ ಮುಗಿಸಿ ಏಳಲಿ. ಅವರ ಕೋಣೆಯಲ್ಲಿ ಹೋದ ವರ್ಷದ್ದು ಮಾರಾಟವಾಗದೆ ಉಳಿದ ಪೆಟ್ಟಿಗೆ ಇದೆ. ಕೈಲಾಸದ ದಾರಿ. ಸಾಹುಕಾರರ ಪುಣ್ಯ ದೊಡ್ಡದು. ಒಂದೇ ಎಸೆತಕ್ಕೆ ಬಾಗಿಲು ತೆರೀತದೆ."

ಪೆಟ್ಟಿಗೆ ತಂದರು. ಮಾಳವ್ವ ಮಣ್ಣಿನ ಕವಡೆ ನಾಲ್ಕನ್ನೂ ಅವನ ಅಂಗೈಗೆ ಸುರಿದಳು. ಸಾಹುಕಾರ ಅಂಗೈಗೆ ಕೆಂಡ ಬಿದ್ದವನಂತೆ ಕೈ ಕೊಡವಿದ.

"ಇದರಲ್ಲಿ ಬೇಡ! ಇದರಲ್ಲೊಂದು ಬಾಯಿ ತೆರೆಯೋದೇ ಇಲ್ಲ! ಸತ್ತರೂ ತೆರೆಯಲ್ಲ! ಅಚ್ಚು ಕೆಟ್ಟಿದೆ ಅಂತ ಕುಂಬಾರ ಅವತ್ತೇ ಹೇಳಿದ್ದ. ಬೇರೆ ಮಾಡ್ಸೋಕೆ ಹೊತ್ತಿರಲಿಲ್ಲ!"

ಜನ ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದರು. ಹೆಂಡತಿಯನ್ನು ಪಾಪಿ ಅಂದವನು ಅಲ್ಲೇ ಇದ್ದ. ಸೊಸೆಯ ಊಟ ನಿಲ್ಲಿಸಿದವಳು ಅಲ್ಲೇ ಇದ್ದಳು. ಈರಣ್ಣನನ್ನು ಜಗಲಿಯಲ್ಲಿ ಆಡಿಕೊಂಡವರೆಲ್ಲ ಅಲ್ಲೇ ಇದ್ದರು. ಸಿರಿಯಣ್ಣ ಶಾಲನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡ. ಬಿಸಾಡಲಿಲ್ಲ, ಮಡಚಿದ ಅಷ್ಟೇ.

"ಕೇಳಿದ್ರಾ?" ಅಂದಳು ಮಾಳವ್ವ. ಕೂಗಲಿಲ್ಲ. "ನಮ್ಮಣ್ಣನ ಪಾಪ ಅಲ್ಲ ಅದು. ಅಚ್ಚಿನದು. ನನಗಿಷ್ಟು ಸಾಕು."

ದೊರೆಗೆ ಅಷ್ಟು ಸಾಕಾಗಲಿಲ್ಲ. ಪೆಟ್ಟಿಗೆಗಳನ್ನು ಅಂಗಳದಲ್ಲೇ ಸುಡಿಸಿದ. ಹೋದ ವರ್ಷ ಕೊಟ್ಟ ಜೋಳವನ್ನೆಲ್ಲ, ಪುಣ್ಯದ ಕವಡೆಯ ಜೋಳವನ್ನೂ, ಅವರವರ ಮನೆಗೆ ಮುಟ್ಟಿಸುವಂತೆ ಅಪ್ಪಣೆ ಮಾಡಿದ. ಸಾಹುಕಾರನನ್ನು ನಲವತ್ತು ದಿನ ಈರಣ್ಣನ ಹೊರಸಿನ ಮೇಲೆ ಕೂರಿಸಿ, ಅದೇ ಮಣ್ಣಿನ ಕವಡೆ ಕೊಟ್ಟು, ಎಸೆಯುತ್ತಿರು ಅಂದ. ಅವನು ನಲವತ್ತು ದಿನ ಎಸೆದ. ಮೂರು ಮೇಲೆ, ಒಂದು ಕೆಳಗೆ. ಮಾಳವ್ವ ಹೊತ್ತು ಹೊತ್ತಿಗೆ ರೊಟ್ಟಿ ಕೊಟ್ಟಳು, ನೀರು ಕೊಟ್ಟಳು. ಒಂದು ಮಾತು ಕೊಡಲಿಲ್ಲ. ಊರಿನವರು ಆ ನಲವತ್ತು ದಿನ ಆಟವಿಲ್ಲದೆ ಗೋಡೆ ನೋಡುತ್ತ ಕೂತರು. ಅವರಿಗೂ ಅದು ಬೇಕಿತ್ತು.

ಅದರ ಮುಂದಿನ ವರ್ಷ ಕಾಮನ ಹಬ್ಬದ ಮಾರನೆಯ ದಿನವೇ ಮೂರು ಪೆಟ್ಟಿಗೆ ಕಟ್ಟೆಗೆ ಬಂದವು. ದೀಪವಿಲ್ಲ, ಶಾಲಿಲ್ಲ, ಕುಂಕುಮವಿಲ್ಲ. ಕೆಂಚಯ್ಯ ಎಂಟನೆಯ ದಿನ ಬೇವಿನ ಮರದ ಕೆಳಗೆ ನಿಂತು, ಎಲ್ಲರಿಗೂ ಕೇಳುವಂತೆ, ಎರಡನೆಯ ಕಾಯಿಯಲ್ಲಿ ಬಿರುಕಿದೆ ಅಂತ ಹೇಳಿದ. ಮಾಳವ್ವ ತನ್ನ ಪೆಟ್ಟಿಗೆಯನ್ನು ಮನೆಗೆ ಒಯ್ದು ಖಾಲಿ ಹೊರಸಿನ ಮೇಲೆ ಹಲಗೆ ಹಾಸಿದಳು. ಹಲಗೆಯನ್ನು ಮೂಸಿದಳು. ಕಾಯಿಯನ್ನು ಕಚ್ಚಿದಳು. ಕವಡೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಆಮೇಲೆ ಎಸೆದಳು. ನಾಲ್ಕೂ ಬಾಯಿ ಮೇಲಾಗಿ ಬಿದ್ದವು.

"ಅಣ್ಣಾ, ಬಿತ್ತು ನೋಡು" ಅಂದಳು. ನೋಡುವವರು ಯಾರೂ ಇರಲಿಲ್ಲ.

ಇದರ ನೀತಿ ಏನು ಅಂತ ಕೇಳಿದರೆ ಇಷ್ಟೇ. ತನ್ನ ಸರಕನ್ನು ನೋಡುವ ಕಣ್ಣಿಗೆ ತೋರಿಸಲು ಹೆದರುವವನ ಹತ್ತಿರ ಏನನ್ನೂ ಕೊಳ್ಳಬೇಡಿ, ಅವನು ದೇವರ ಹೆಸರು ಹೇಳಿದರಂತೂ ಮುಟ್ಟಲೇಬೇಡಿ. ನೋಡಿ ಹೇಳುವವರ ಬಾಯಿ ಕಟ್ಟಿದಾಗ ಸುಮ್ಮನಿದ್ದವರೂ ಕೊನೆಗೆ ಅದರ ಪಾಲು ಉಣ್ಣುತ್ತಾರೆ. ದೇವರು ಯಾರ ಬಾಗಿಲನ್ನೂ ಹಾಕುವುದಿಲ್ಲ ಮಕ್ಕಳೇ. ಬಾಗಿಲು ಹಾಕುವವರು ಮನುಷ್ಯರು.

ಏಳಿ ಈಗ, ಕಾಲು ಜೋಮು ಹಿಡಿದಿರುತ್ತದೆ. ದೀಪಕ್ಕೆ ಎಣ್ಣೆ ಇದೆಯೋ ನೋಡಿ, ಕೈ ಮುಗಿದು ಊಟಕ್ಕೆ ಬನ್ನಿ.